ಅಡಿಗಿಮನ್ಯಾಗ ಹೋಗಿ ಮರೆಯೂದು: ಮನಿ ಮಂದಿ ಗುಂಪು, ವಿಜಯಪುರ

ಚಿಗವ್ವ (ಹಲವು ಬಾರಿ ಫಾರ್ವರ್ಡ್ ಆಗಿದೆ): *ಎಚ್ಚರ!! ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ಮರೆಯುತ್ತೀರಾ? ನಿಮ್ಮ ಹಿಪೊಕ್ಯಾಂಪಸ್ (ನೆನಪು, ದಾರಿ ನೋಡಿಕೊಳ್ಳುವ ಮೆದುಳಿನ ಭಾಗ) ಕುಗ್ಗುತ್ತಿದೆ! ಮೊಬೈಲ್ ಮ್ಯಾಪ್ ನೋಡುವವರಿಗೆ ಇನ್ನೂ ಬೇಗ. ಲಂಡನ್ ಟ್ಯಾಕ್ಸಿ ಚಾಲಕರಲ್ಲಿ ಸಾಬೀತಾಗಿದೆ. 10 ಜನರಿಗೆ ಕಳಿಸಿ.*

ಚಿಗವ್ವ: ಎಲ್ಲಾರೂ ಓದ್ರಿ. ಅಕ್ಕ ದಿನಾ ಹಿಂಗ ಮಾಡ್ತಾಳ.

ರಮೇಶ: ಎಲ್ಲಿಂದ ಬಂತ ಚಿಗವ್ವಾ ಇದು? ಲಂಡನ್ನಿನ ಅಧ್ಯಯನ ಉಲ್ಟಾ ಹೇಳ್ತೈತಿ. 2000ರಾಗ ಎಲೀನರ್ ಮ್ಯಾಗ್ವಾಯರ್ ತಂಡ ಸ್ಕ್ಯಾನ್ ಮಾಡಿದಾಗ ಚಾಲಕರ ಹಿಪೊಕ್ಯಾಂಪಸ್ಸಿನ ಹಿಂದಿನ ಭಾಗ ದೊಡ್ಡದಿತ್ತು, ಮುಂದಿಂದು ಸಣ್ಣದು. ಮ್ಯಾಪ್ ನೋಡೋರನ್ನ ಅಲ್ಲಿ ಯಾರೂ ಪರೀಕ್ಷಾ ಮಾಡಿಲ್ಲ.

ದೊಡ್ಡಪ್ಪ: ನಿಮ್ಮ ದೊಡ್ಡವ್ವನ ಸುದ್ದಿ ಗುಂಪಿನ್ಯಾಗ ಹಾಕೂದು ಶೋಭಾ ಅಲ್ಲ. ಹಿರ್ಯಾರು ಏನರ ಅಂದ ಕೂಡ್ಲೆ ಪುರಾವೆ ಕೇಳೂದೂ ಶೋಭಾ ಅಲ್ಲ. ಹಿಂದಕಿನ ಮಂದಿ ಚಿಕ್ಕಿ ನೋಡಿ ರಾತ್ರಿ ಬಂಡಿ ಹೊಡೀತಿದ್ರು.

ರಮೇಶ: ಅದು ನಿಮ್ಮ ಮಾತಿಗೇ ಬಲ ದೊಡ್ಡಪ್ಪಾ. 2011ರಾಗ ಅದ ತಂಡ ಟ್ಯಾಕ್ಸಿ ಪರೀಕ್ಷಾಕ್ಕ ಕಲಿಯೋರನ್ನ ಕಲಿಯೂಕ್ಕಿಂತ ಮೊದಲೊಮ್ಮೆ, 3-4 ವರ್ಷದ ಮ್ಯಾಲ ಒಮ್ಮೆ ಸ್ಕ್ಯಾನ್ ಮಾಡ್ತು. ಸುಮಾರು 25,000 ಓಣಿ ಬಾಯಿಪಾಠ ಮಾಡಿ ಪಾಸಾದವರೊಳಗಷ್ಟ ಆ ಹಿಂದಿನ ಭಾಗ ಹೆಚ್ಚಾಗಿತ್ತು. ಫೇಲಾದವರೊಳಗ ಇಲ್ಲ.

ಗೀತಕ್ಕ: ಬಾಗಲಾ ದಾಟಿದ್ರ ಮರೆಯೂದು ರೋಗಲ್ಲ. ಅಮೆರಿಕಾದ ಮನಶ್ಶಾಸ್ತ್ರಜ್ಞ ಗೇಬ್ರಿಯಲ್ ರಾಡ್ವಾನ್ಸ್ಕಿ ಇದನ್ನ ಪರೀಕ್ಷಾ ಮಾಡ್ಯಾರ. ಅಷ್ಟ ದೂರ ಒಂದ ಖೋಲ್ಯಾಗ ನಡೆದವರಕ್ಕಿಂತ ಬಾಗಲಾ ದಾಟಿದವರು ಹೆಚ್ಚು ತಪ್ಪಿದ್ರು. ಮೆದುಳು ಜಾಗಾ ಬದಲಾದಲ್ಲೆ ಹೊಸ ಕಂತು ಚಾಲೂ ಮಾಡ್ತೈತಿ. 2021ರ ಆಸ್ಟ್ರೇಲಿಯಾದ ಪ್ರಯೋಗದಾಗ ತಲಿಯೊಳಗ ಬ್ಯಾರೆ ಲೆಕ್ಕ ನಡೆದಿದ್ರಷ್ಟ ತಪ್ಪು ಕಂಡ್ವು. ದೊಡ್ಡವ್ವ ಫೋನಿನ್ಯಾಗ ಮಾತಾಡ್ಕೋತ ಒಳಗ ಹೋಗ್ತಾರಲಾ, ಅದ ಕಾರಣ ಇರಬೇಕು. ತರೂ ಸಾಮಾನಿನ ಹೆಸರ ಬಾಯಿಬಿಟ್ಟು ಅನಕೋತ ಹೋಗ್ಲಿ.

ಚಿಗವ್ವ: ಹಂಗಾರ ನಾ ಸುಳ್ಳಿ ಆದೆ. ಮದಿವಿ ಪತ್ರಿಕಾದಾಗ ನಮ್ಮ ಹೆಸರ ಬಿಟ್ಟಾಗ ನೀವೂ "ಮರತೇವಿ" ಅಂದಿದ್ರಿ. ಆವಾಗ ಯಾವ ಬಾಗಲಾ ದಾಟಿದ್ರಿ?

ಗೀತಕ್ಕ: ಅದನ್ಯಾಕ ಇಲ್ಲಿ ತರ್ತೀರಿ?

ಸಂಗೂ: ಇರ್ಲಿ ಬಿಡ್ರಿ. ಸಂಕ್ರಮಣದ ಜಾತ್ರಿ ನೆನಸ್ರಿ! ನಂದಿಕೋಲು, ಗುಡಿ ಮುಂದಿನ ಮಿರ್ಚಿ ಭಜಿ ವಾಸನಿ. ವಾಸನಿ ಬಂತಂದ್ರ ಯಾವ ಮೂಲ್ಯಾಗ ಯಾರ ಜೋಡಿ ನಿಂತಿದ್ವಿ ಅನ್ನೂದೂ ಬರ್ತೈತಿ.

ರಮೇಶ: ಸಂಗೂ ಅಂದಿದ್ದ ಮುಖ್ಯ ಐತಿ. 1971ರಾಗ ಜಾನ್ ಒಕೀಫ್ ಮತ್ತ ದೊಸ್ತ್ರೋವ್‌ಸ್ಕಿ ಇಲಿ ಹಿಪೊಕ್ಯಾಂಪಸ್ಸಿನ್ಯಾಗ ಜಾಗಾದ ಕೋಶ ಕಂಡ್ರು. ಇಲಿ ಒಂದು ಗೊತ್ತಾದ ಮೂಲಿಗೆ ಬಂದಾಗಷ್ಟ ಆ ಕೋಶ ಮಿಡೀತೈತಿ. 2005ರಾಗ ನಾರ್ವೆದ ಮೋಸರ್ ದಂಪತಿ ಬಾಜೂಕಿನ ಎಂಟೊರೈನಲ್ ಪದರದಾಗ ದಾರಿ ಅಳೆಯೂ ಜಾಲರಿ ಕೋಶ ಕಂಡ್ರು. 2014ರಾಗ ಮೂರೂ ಮಂದಿಗೆ ನೊಬೆಲ್. ಬಾಸ್ಟನ್ನಿನ ಐಖೆನ್‌ಬೌಮ್ ತಂಡ ಇಲಿಯನ್ನ 10 ಸೆಕೆಂಡ್ ಕಾಯಿಸಿತ್ತು. ಅದ ಹಿಪೊಕ್ಯಾಂಪಸ್ಸಿನ್ಯಾಗ ಒಂದೊಂದು ಕೋಶ ಒಂದೊಂದು ಗಳಿಗ್ಯಾಗ ಮಿಡೀತು. ಎಲ್ಲಿ, ಯಾವಾಗ ಅನ್ನೂದು ಒಂದ ಕಡೆ ಗಂಟು ಬೀಳ್ತೈತಿ.

ಸಂಗೂ: ಅದನ್ನ ಸಂತಿ ಚೀಟಿಗೆ ಬಳಸಾಕ ಬರ್ತೈತೇನು?

ಗೀತಕ್ಕ: ಬರ್ತೈತಿ. ಮನ್ಯಾಗ ಐದು ಜಾಗಾ ಸಾಲಾಗಿ ಹಿಡಿ: ತಲಬಾಗಲಾ, ಪಡಸಾಲಿ, ದೇವರ ಮಾಡ, ಅಡಿಗಿಮನಿ, ಹಿತ್ತಲ. ತಲಬಾಗಲದಾಗ ಬೆಲ್ಲದ ಪೆಂಟಿ ಅಡ್ಡ ಬಿದ್ದು ಇರವಿ ಮುತ್ತ್ಯಾವು ಅಂತ ಕಣ್ಣಿಗೆ ತಂದ್ಕೊ. ಪಡಸಾಲ್ಯಾಗ ಉಳ್ಳಾಗಡ್ಡಿ ಚೀಲ ಜೋಕಾಲಿ ಆಡ್ಲಿ. ಬರೇ ಹೆಸರ ಇಟ್ರ ಉಳಿಯೂದಿಲ್ಲ. ಒಂದ ದಿನ ಅದ ದಾರಿಗೆ ಎರಡು ಪಟ್ಟಿ ಹಾಕಿದ್ರ ಹಳೇದು ಹೊಸದು ಕಲೀತಾವು. 2017ರ ಅಧ್ಯಯನದಾಗ ದಿನಾ ಅರ್ಧ ತಾಸಿನಂಗ 40 ದಿನ ಕಲತವರು 72 ಶಬ್ದದೊಳಗ ಮೊದಲಿಗಿಂತ ಸುಮಾರು 35 ಹೆಚ್ಚು ನೆನಪಿಟ್ರು.

ದೊಡ್ಡಪ್ಪ: ನಿಮ್ಮ ದೊಡ್ಡವ್ವಗ ಏನೂ ಇಲ್ಲಾ ಹಂಗಾರ?

ಗೀತಕ್ಕ: ದೊಡ್ಡಪ್ಪಾ, ಗೊತ್ತಿರೋ ಓಣ್ಯಾಗ ದಾರಿ ತಪ್ಪಿದ್ದೈತೇನು? ಅಲ್ಝೈಮರ್ ಮೊದಮೊದಲ ಬಡಿಯೂದು ಆ ಎಂಟೊರೈನಲ್ ಪದರಕ್ಕ. ಅದಕ್ಕ ಕೇಳಿದೆ.

ದೊಡ್ಡಪ್ಪ: ಇಲ್ಲ. ಗುಡಿಗೆ ಒಬ್ಬಾಕೆ ಹೋಗಿ ಬರ್ತಾಳ.

ಗೀತಕ್ಕ: ಛಲೋ ಆತು. ಆದ್ರೂ ಬಿ12, ಥೈರಾಯ್ಡ್ ಒಮ್ಮೆ ನೋಡಸ್ರಿ. ಅವು ಕಡಿಮಿ ಆದ್ರೂ ಮರೆವು ಬರ್ತೈತಿ, ಔಷಧಕ್ಕ ಸುಧಾರಸ್ತೈತಿ.

ದೊಡ್ಡಪ್ಪ: ಸೋಮವಾರ ಕರಕೊಂಡ ಹೋಗ್ತೀನಿ. ಈಗ ಹೇಳ್ರಿ, ಆ ಪತ್ರಿಕಾ ಬರದವರು ಯಾರು?