ಕಲ್ಲೊಳಗೆ ಜರೀಗಿಡ ಕಾಣ್ತಿದೆ, ಇದು ಪಳೆಯುಳಿಕೆನಾ ಸರ್?

ಪ್ರಶ್ನೆ (ಪಾಂಡವಪುರ): ಸರ್, ಅಂಗಳಕ್ಕೆ ಹಾಸೋಕೆ ತಂದ ಕಲ್ಲು ಒಡೆದಾಗ ಒಳಗೆ ಈ ಗುರುತು ಸಿಕ್ಕಿತು. ಕಪ್ಪಗೆ, ಥೇಟ್ ಜರೀಗಿಡದ ಹಾಗೇ ಇದೆ. ಕಲ್ಲು ಇಲ್ಲೇ ಹತ್ತಿರದ ಕ್ವಾರಿಯದು. ಫೋಟೊ ಹಾಕಿದ್ದೇನೆ. ಪಳೆಯುಳಿಕೆ ಅಂತ ಊರವರೆಲ್ಲ ನೋಡೋಕೆ ಬರುತ್ತಿದ್ದಾರೆ.

ಉತ್ತರ: ಬೇಜಾರು ಮಾಡ್ಕೋಬೇಡಿ, ಇದು ಪಳೆಯುಳಿಕೆ ಅಲ್ಲ. ಇದಕ್ಕೆ ಡೆಂಡ್ರೈಟ್ ಅನ್ನುತ್ತಾರೆ. ಕಲ್ಲಿನ ಸಣ್ಣ ಬಿರುಕಿಗೆ ನೀರು ಇಳಿದು, ಅದರಲ್ಲಿದ್ದ ಮ್ಯಾಂಗನೀಸ್ ಹೀಗೆ ಕವಲು ಕವಲಾಗಿ ಕೂತಿದೆ. ಅಲ್ಲಿ ಗಿಡ ಯಾವತ್ತೂ ಇರಲಿಲ್ಲ. ಭೂತಗನ್ನಡಿ ಹಿಡಿದು ನೋಡಿ. ಜರೀಗಿಡವಾಗಿದ್ದರೆ ನಡುವೆ ಒಂದು ದಂಟು, ಎರಡೂ ಕಡೆ ಅಳತೆ ಇಟ್ಟು ಜೋಡಿಸಿದಂತೆ ಪುಟ್ಟ ಎಲೆಗಳು, ಎಲೆಗಳಲ್ಲಿ ನರ ಇರಬೇಕು. ನಿಮ್ಮದರಲ್ಲಿ ನರವೇ ಇಲ್ಲ. ಕವಲೆಲ್ಲ ಬಿರುಕಿನ ಅಂಚಿನಿಂದ ಒಳಕ್ಕೆ ಹರಡಿವೆ.

ಇನ್ನೊಂದು ಮಾತು. ನಮ್ಮ ಮಂಡ್ಯ, ಮೈಸೂರು ಕಡೆಯ ಬಂಡೆ ಬಹುಪಾಲು ನೈಸ್ ಅನ್ನೋ ಪಟ್ಟೆ ಪಟ್ಟೆ ಕಲ್ಲು. 250 ಕೋಟಿ ವರ್ಷಕ್ಕೂ ಹಳೆಯದು. ನೆಲದ ಮೇಲೆ ಗಿಡ ಬಂದದ್ದೇ ಸುಮಾರು 47 ಕೋಟಿ ವರ್ಷದ ಹಿಂದೆ. ಚಾಮುಂಡಿ ಬೆಟ್ಟದ ಗ್ರಾನೈಟು ಈ ಲೆಕ್ಕದಲ್ಲಿ ಕೂಸು, ಆದರೂ ಅದಕ್ಕೆ ಸುಮಾರು 80 ಕೋಟಿ. ಅದು ಕರಗಿದ ಕಲ್ಲು ಆರಿ ಆದದ್ದು ಬೇರೆ. ಅದರೊಳಗೆ ಎಲೆ ಸಿಗೋ ಮಾತೇ ಇಲ್ಲ.

ಪ್ರಶ್ನೆ (ತಿ. ನರಸೀಪುರ): ಹಾಗಾದ್ರೆ ನಮ್ಮ ಕಪ್ಪು ಮಣ್ಣಿನಲ್ಲಿ ಸಿಗೋ ಬೇರಿನ ಆಕಾರದ ಬಿಳಿ ಕಲ್ಲು? ನಡುವೆ ತೂತು ಇರುತ್ತೆ.

ಉತ್ತರ: ಅದು ಸುಣ್ಣಕಲ್ಲು, ಕಂಕರು. ಒಂದು ತುಂಡಿಗೆ ನಿಂಬೆರಸ ಬಿಟ್ಟು ನೋಡಿ, ಸಣ್ಣಗೆ ಗುಳ್ಳೆ ಏಳುತ್ತೆ. ಬೇರಿನ ಸುತ್ತ ಸುಣ್ಣ ಕಟ್ಟಿಕೊಂಡು, ಬೇರು ಕೊಳೆತ ಮೇಲೆ ತೂತು ಉಳಿಯುತ್ತದೆ. ಹೊಲದಲ್ಲಿ ಸಿಗೋ ಕಂಕರೆಲ್ಲ ಬೇರಿನದಲ್ಲ, ಉಂಡೆ ಉಂಡೆಯದೇ ಜಾಸ್ತಿ. ಆದರೆ ಕವಲೊಡೆದ ಕೊಳವೆ ಸಿಕ್ಕರೆ ಬಿಡಬೇಡಿ. ಭೂವಿಜ್ಞಾನದ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು, ಆದರೆ ಗಿಡದ ಗುರುತು ನಿಜ. ನಮ್ಮ ಸೀಮೆಯಲ್ಲಿ ನಾನು ಹುಡುಕುವುದು ಇದನ್ನೇ.

ಪ್ರಶ್ನೆ (ಮೈಸೂರು, ಕುವೆಂಪುನಗರ): ತಾತ ತಮಿಳುನಾಡಿನ ಕಡೆಯಿಂದ ತಂದ ಮರಗಲ್ಲು (ಕಲ್ಲಾದ ಮರ) ಮನೆಯಲ್ಲಿದೆ. ಯಾವ ಮರ ಅಂತ ತಿಳಿಯೋದು ಹೇಗೆ?

ಉತ್ತರ: ಮೊದಲು ಮರವೇ ಹೌದಾ ನೋಡೋಣ. ಪಟ್ಟೆ ಇದ್ದ ಮಾತ್ರಕ್ಕೆ ಮರವಲ್ಲ, ನಮ್ಮ ನೈಸ್ ಕಲ್ಲಲ್ಲೂ ಪಟ್ಟೆ ಇದೆ. ಅಡ್ಡ ಕೊಯ್ದ ಮುಖ ಯಾವುದು ಅಂತ ಹುಡುಕಿ. ನೀರು ಸವರಿ, ಬಿಸಿಲಿಗೆ ಹಿಡಿದು, 10 ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿ.

ನೋಡುವ ಮೊದಲು ಒಂದು ಕೆಲಸ ಮಾಡಿ. ಒಂದು ಜಲ್ಲೆ ಕಬ್ಬು ತಂದು ಚೂಪು ಚಾಕುವಿನಲ್ಲಿ ಅಡ್ಡಕ್ಕೆ ಕತ್ತರಿಸಿ. ತುಂಬಾ ಚುಕ್ಕೆ ಚೆಲ್ಲಿದ ಹಾಗೆ ಕಾಣುತ್ತದೆ, ಉಂಗುರ ಇಲ್ಲ. ತೆಂಗು, ತಾಳೆಯೂ ಹೀಗೇ. ನಿಮ್ಮ ಕಲ್ಲಿನಲ್ಲಿ ಇಂಥ ದಪ್ಪ ಚುಕ್ಕೆ ಇದ್ದರೆ ಅದು ತಾಳೆ ಜಾತಿ, ಪಾಮಾಕ್ಸಿಲಾನ್ ಅಂತ ಹೆಸರು. ಆಮೇಲೆ ತೇಗದ ತುಂಡು ನೋಡಿ. ಸೂಜಿ ಚುಚ್ಚಿದಂಥ ತೂತುಗಳು, ಅವುಗಳ ನಡುವೆ ಹಾದು ಹೋಗುವ ಸಣ್ಣ ಗೆರೆಗಳು. ಇಂಥವು ಹೂ ಬಿಡುವ ಮರ. ತೂತೇ ಇಲ್ಲದೆ ಬಟ್ಟೆ ನೇಯ್ದ ಹಾಗೆ ಒಂದೇ ಸಮ ಇದ್ದರೆ ಪೈನ್ ಕಡೆಯ ನೆಂಟ. ಅದಕ್ಕಿಂತ ಮುಂದೆ, ಯಾವ ಕುಲ ಅಂತ ಹೇಳೋಕೆ ಮೂರು ದಿಕ್ಕಿನಲ್ಲಿ ಕೊಯ್ದು, ಬೆಳಕು ಹಾಯುವಷ್ಟು ತೆಳ್ಳಗೆ, ಸುಮಾರು 0.03 ಮಿ.ಮೀ.ಗೆ ಉಜ್ಜಬೇಕು. ಫೋಟೊ ನೋಡಿ ಮರದ ಹೆಸರು ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ.

ತಾತ ಎಲ್ಲಿಂದ ತಂದರು ಅಂತ ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ‘ತಮಿಳುನಾಡಿನ ಕಡೆ’ ಸಾಲದು. ತಿರುವಕ್ಕರೈ ಅಂದರೆ ಸುಮಾರು 2 ಕೋಟಿ ವರ್ಷ. ಪೆರಂಬಲೂರಿನ ಸಾತನೂರು ಅಂದರೆ 10 ಕೋಟಿಯ ಆಸುಪಾಸು. ಊರು ಗೊತ್ತಿಲ್ಲದಿದ್ದರೆ ಅದು ಚೆಂದದ ಕಲ್ಲು, ಅಷ್ಟೇ.

ಪ್ರಶ್ನೆ (ಮಂಡ್ಯ): ಸಿಂಗರೇಣಿ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡೋ ಭಾವ ಎಲೆ ಗುರುತಿನ ಕಲ್ಲು ಕೊಟ್ಟಿದ್ದಾರೆ. ಅಂಗೈ ಉದ್ದದ ಎಲೆ. ಕಪ್ಪು ಪದರ ಏಳುತ್ತಿದೆ. ವಾರ್ನಿಶ್ ಹೊಡೆಯಲಾ?

ಉತ್ತರ: ಬೇಡ! ಕಾಲೇಜಿನಲ್ಲಿದ್ದಾಗ ನಾನೂ ಒಂದಕ್ಕೆ ಹೊಡೆದೆ. ಮೂರು ಮಳೆಗಾಲಕ್ಕೆ ಹಳದಿ ತಿರುಗಿತು. ಆಮೇಲೆ ಎಲೆಯ ಕಪ್ಪು ಪದರವನ್ನೂ ಹಿಡಿದುಕೊಂಡೇ ಚಕ್ಕೆಯಾಗಿ ಎದ್ದು ಬಂತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತೆ.

ನಾಲಿಗೆ ಆಕಾರ, ನಡುನರ, ಪಕ್ಕದ ನರಗಳು ಬಲೆ ಹೆಣೆದ ಹಾಗಿದ್ದರೆ ಅದು ಗ್ಲಾಸಾಪ್ಟೆರಿಸ್ ಅನ್ನೋ ಅಳಿದುಹೋದ ಗಿಡದ ಎಲೆ, 25 ಕೋಟಿ ವರ್ಷಕ್ಕೂ ಹಳೆಯದು. ಅದೇ ಗಿಡದ ಬೇರು ಸಿಕ್ಕರೆ ಅದಕ್ಕೆ ವರ್ಟಿಬ್ರೇರಿಯಾ ಅಂತ ಬೇರೆ ಹೆಸರು. ಬಿಡಿ ಬಿಡಿಯಾಗಿ ಸಿಕ್ಕಿದ್ದಕ್ಕೆ ಬಿಡಿ ಬಿಡಿ ಹೆಸರು. ನೀರಲ್ಲಿ ತೊಳೆಯಬೇಡಿ, ಬಿಸಿಲಿಗೆ ಇಡಬೇಡಿ. ಪೇಪರ್ ಸುತ್ತಿ ನೆರಳಲ್ಲಿ ನಿಧಾನ ಆರಿಸಿ. ಏಳುವ ಪದರಕ್ಕೆ ಪ್ಯಾರಲಾಯ್ಡ್ ಬಿ-72 ಅನ್ನೋ ಅಂಟುರಾಳವನ್ನು ಅಸಿಟೋನಿನಲ್ಲಿ ನೀರಾಗಿ ಕರಗಿಸಿ, ಕುಂಚದ ತುದಿಯಿಂದ ತೊಟ್ಟು ತೊಟ್ಟು ಬಿಡಿ. ಬೇಡ ಅನ್ನಿಸಿದರೆ ಅಸಿಟೋನಿನಲ್ಲೇ ಬಿಡಿಸಬಹುದು. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಬೇಡ. ಕಲ್ಲಿನ ಇನ್ನೊಂದು ಹೋಳು ಭಾವನ ಹತ್ತಿರ ಇದೆಯಾ ಕೇಳಿ. ಎಷ್ಟೋ ಸಲ ನರ ಅದರಲ್ಲೇ ಚೆನ್ನಾಗಿ ಉಳಿದಿರುತ್ತೆ. ಮಳೆಗಾಲದಲ್ಲಿ ಬಿಳಿ ಪುಡಿ ಉದುರಿ ಗಂಧಕದ ವಾಸನೆ ಬಂದರೆ ಒಳಗೆ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇದೆ ಅಂತ ಅರ್ಥ. ತೇವ ಹೀರುವ ಸಿಲಿಕಾ ಜೆಲ್ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಬೇರೆ ಇಡಿ.

ಪ್ರಶ್ನೆ (ಮೈಸೂರು): ದೊಡ್ಡ ಮರದ ದಿಮ್ಮಿ ಸಿಕ್ಕರೆ ಕಾರಲ್ಲಿ ತರಬಹುದಾ?

ಉತ್ತರ: ಒಂದಡಿ ದಪ್ಪ, ಮೂರಡಿ ಉದ್ದದ ಕಲ್ಲಾದ ದಿಮ್ಮಿ 180 ಕೆ.ಜಿ. ತೂಗುತ್ತೆ ಸ್ವಾಮಿ. ತಮಾಷೆ ಬಿಡಿ, ತಿರುವಕ್ಕರೈ, ಸಾತನೂರು ಎರಡೂ ಕಾಪಾಡಿಟ್ಟ ಜಾಗ, ಚೂರನ್ನೂ ಎತ್ತುವಂತಿಲ್ಲ. ಸಾತನೂರಿನ ಕಾಂಡ ಸುಮಾರು 18 ಮೀಟರ್ ಮಲಗಿದೆ, ಪಕ್ಕದಲ್ಲಿ ನಡೆದು ನೋಡಿ ಬನ್ನಿ. ಬೇರೆ ಕಡೆ ಸಿಕ್ಕರೂ ಜಮೀನಿನವರನ್ನು ಕೇಳದೆ ಮುಟ್ಟಬೇಡಿ. ಇದ್ದಲ್ಲೇ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಯಾವ ದಿಕ್ಕಿಗೆ ಬಿದ್ದಿದೆ, ಯಾವ ಪದರದಲ್ಲಿದೆ ಅಂತ ಬರೆಯಿರಿ. ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗಕ್ಕೋ ಪಳೆಯುಳಿಕೆಗಳನ್ನು ಅಧ್ಯಯನ ಮಾಡುವ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಗೋ ಕಳಿಸಿ. ಆ ಸಂಸ್ಥೆಯ ಅಡಿಗಲ್ಲಿನಲ್ಲೇ ಪಳೆಯುಳಿಕೆ ಕೂರಿಸಿದ್ದಾರೆ. 1949ರ ಏಪ್ರಿಲ್ 3ರಂದು ನೆಹರೂ ಇಟ್ಟದ್ದು.

ಪ್ರಶ್ನೆ (ಪಾಂಡವಪುರ): ಸರ್, ನನ್ನ ಕಲ್ಲು ಹಾಗಾದ್ರೆ ಅಂಗಳಕ್ಕೇ ಹಾಕಿಬಿಡಲಾ?

ಉತ್ತರ: ಅಯ್ಯೋ ಬೇಡ, ಇಟ್ಕೊಳ್ಳಿ. ಹಿಂದೆ ಕ್ವಾರಿಯ ಊರು, ತಾರೀಕು ಬರೆದ ಚೀಟಿ ಅಂಟಿಸಿ. ಮಕ್ಕಳು ಬಂದರೆ ಮೊದಲು ಜರೀಗಿಡ ಅಂತ ಹೇಳಿ ಮೋಸ ಮಾಡಿ, ಆಮೇಲೆ ಕೈಗೆ ಭೂತಗನ್ನಡಿ ಕೊಡಿ.