ಬಿಸಿಯಾದರೆ ನಿಲ್ಲುವ ಹಳೇ ವೀಲ್ ಹಾರ್ಸ್: ಹುಲ್ಲಿಗೆ ಅಂತ ಇನ್ನೊಂದು ತಗೊಳ್ಳಬೇಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಮನೆ ಸುತ್ತ ಎರಡು ಎಕರೆ ಹುಲ್ಲು. ಆರು ವರ್ಷದಿಂದ ನನ್ನ ಹತ್ತಿರ ಒಂದು ವೀಲ್ ಹಾರ್ಸ್ ಸಿ-120 ಇದೆ, ಮನೆಯಂಗಳಕ್ಕೆ ಬಳಸುವ ಸಣ್ಣ ಟ್ರ್ಯಾಕ್ಟರ್. 1970ರ ದಶಕದ ಗಾಡಿ, ಕೋಲರ್ ಕೆ301 ಎಂಜಿನ್, 12 ಎಚ್‌ಪಿ. ಚಳಿಗಾಲದಲ್ಲಿ ಹಿಮ ತಳ್ಳಲು ಮುಂದೆ ಬ್ಲೇಡ್ ಹಾಕುತ್ತೇನೆ. ಏಪ್ರಿಲ್ ಬಂದರೆ ಅದನ್ನು ಬಿಚ್ಚಿ ಹುಲ್ಲು ಕತ್ತರಿಸುವ 42 ಇಂಚಿನ ಡೆಕ್ ಕೂರಿಸಬೇಕು. ಪ್ರತಿ ಸಲ ಅರ್ಧ ಶನಿವಾರ ಇದಕ್ಕೇ ಹೋಗುತ್ತದೆ.

ಈ ಬೇಸಿಗೆ ಹೊಸ ತೊಂದರೆ ಶುರುವಾಗಿದೆ. ಸುಮಾರು 40 ನಿಮಿಷ ಹುಲ್ಲು ಕತ್ತರಿಸಿದ ಮೇಲೆ ಎರಡು ಸಲ ಮುಗ್ಗರಿಸಿ ಎಂಜಿನ್ ಆಫ್ ಆಗುತ್ತದೆ. ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಕಾರ್ಬುರೇಟರ್ ತೊಳೆದೆ, ಹೊಸ ಸ್ಪಾರ್ಕ್ ಪ್ಲಗ್ ಹಾಕಿದೆ. ಅದೇ ಕಥೆ.

ಇದನ್ನು ಹಿಮಕ್ಕೆ ಮಾತ್ರ ಇಟ್ಟು, ಹುಲ್ಲಿಗೆ ಇನ್ನೊಂದು ತಗೊಳ್ಳೋಣ ಅಂತಿದ್ದೇನೆ. ಎರಡು ಸಿಕ್ಕಿವೆ. ಒಂದು ಜಾನ್ ಡಿಯರ್ 318, ಹೊಸ ಬಣ್ಣ, 1,400 ಡಾಲರ್. ಇನ್ನೊಂದು ನನ್ನದೇ ತರಹದ ಸಿ-120, ಬಣ್ಣ ಎಲ್ಲ ಹೋಗಿದೆ, ಡೆಕ್ ಸಮೇತ 600 ಡಾಲರ್. ಯಾವುದು ಒಳ್ಳೆಯದು?

ಉತ್ತರ

ಸರ್, ಆ ಸಿ-120 ತಗೊಳ್ಳಿ, ಆದರೆ ಈ ವಾರ ಬೇಡ. ಈಗ ನಿಮ್ಮ ಹತ್ತಿರ ಇರುವುದು ಯಾಕೆ ನಿಲ್ಲುತ್ತಿದೆ ಅಂತ ಗೊತ್ತಾಗದೆ ಅದೇ ಎಂಜಿನ್ ಇರುವ ಇನ್ನೊಂದನ್ನು ತಂದರೆ, ನಾಳೆ ಎರಡೂ ಶೆಡ್‌ನಲ್ಲಿ ನಿಂತಿರುತ್ತವೆ.

ಜೇಬಿನಲ್ಲಿ ಒಂದು ಸ್ಪೇರ್ ಪ್ಲಗ್ ಇಟ್ಟುಕೊಂಡು ಹುಲ್ಲು ಕತ್ತರಿಸಿ. ಗಾಡಿ ನಿಂತ ತಕ್ಷಣ, ತಣ್ಣಗಾಗುವ ಮುಂಚೆಯೇ, ಟ್ಯಾಂಕ್ ಮುಚ್ಚಳ ತಿರುಗಿಸಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಸ್ಟಾರ್ಟ್ ಆದರೆ ಮುಚ್ಚಳದ ತೂತು ಕಟ್ಟಿದೆ ಅಂತ ಅರ್ಥ. ಆಗದಿದ್ದರೆ ಮುಚ್ಚಳ ಭದ್ರ ಮಾಡಿ, ವೈರನ್ನು ಸ್ಪೇರ್ ಪ್ಲಗ್‌ಗೆ ಹಾಕಿ, ಪ್ಲಗ್ಗನ್ನು ಟ್ಯಾಂಕ್‌ನಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ ಕ್ರ್ಯಾಂಕ್ ಮಾಡಿ. ಕಿಡಿ ಬರುತ್ತಾ? ಬರದಿದ್ದರೆ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಮುಟ್ಟಿ ನೋಡಿ, ಎಷ್ಟು ಬಿಸಿ ಇದೆ ಹೇಳಿ.

ಹಾಗೇ ಸಿಲಿಂಡರ್ ಮೇಲಿನ ತಗಡಿನ ಕವಚವನ್ನೂ ಒಮ್ಮೆ ಬಿಚ್ಚಿ. ಫ್ಲೈವೀಲ್ ಊದುವ ಗಾಳಿಯೇ ಈ ಎಂಜಿನ್‌ನ್ನು ತಂಪಾಗಿಡುವುದು. ಅದು ಹೋಗುವ ದಾರಿ ಕಟ್ಟಿರಬಾರದು.

ಪ್ರಶ್ನೆ ಕೇಳಿದವರು

ಭಾನುವಾರ ನೋಡಿದೆ. ಮುಚ್ಚಳ ಸರಿಯಾಗಿದೆ. ಕಿಡಿ ಒಂಚೂರೂ ಇಲ್ಲ. ಕಾಯಿಲ್ ಮೇಲೆ ಬೆರಳಿಡಲು ಆಗಲಿಲ್ಲ, ಅಷ್ಟು ಸುಡುತ್ತಿತ್ತು. ಕವಚ ಬಿಚ್ಚಿದರೆ ಇಲಿ ಗೂಡು! ಒಣ ಹುಲ್ಲು, ಹತ್ತಿ, ಸೀಟಿನ ಸ್ಪಂಜು, ಎಲ್ಲ ಸೇರಿ ಸಿಲಿಂಡರ್ ತಂಪಾಗಿಸುವ ಫಿನ್‌ಗಳ ಮಧ್ಯೆ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್‌ನಿಂದ ಕೆದರಿ ಎರಡು ಹಿಡಿ ತೆಗೆದೆ. ಇದೇ ಕಾರಣನಾ?

ಉತ್ತರ

ಗೂಡು ತೆಗೆದಿದ್ದು ತುಂಬಾ ಒಳ್ಳೆಯದಾಯಿತು, ಇಲ್ಲದಿದ್ದರೆ ಮುಂದೆ ಎಂಜಿನ್ನೇ ಹೋಗುತ್ತಿತ್ತು. ಆದರೆ ಕಿಡಿ ನಿಲ್ಲಿಸುತ್ತಿರುವುದು ಕಾಯಿಲ್ ಇರಬೇಕು. ಮೀಟರ್‌ನಲ್ಲಿ ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್ ನಡುವೆ ಓಮ್ ನೋಡಿ. ಹೊರಗೆ ರೆಸಿಸ್ಟರ್ (ಕರೆಂಟ್ ತಗ್ಗಿಸುವ ಭಾಗ) ಇಲ್ಲದ ಗಾಡಿಗೆ 3 ಓಮ್ ಆಸುಪಾಸು ಬರಬೇಕು. ಒಂದೂವರೆ ಬಂದರೆ ಅದು ಹೊರಗೆ ರೆಸಿಸ್ಟರ್ ಬೇಕಾದ ಕಾಯಿಲ್. ಅದನ್ನು ನೇರವಾಗಿ 12 ವೋಲ್ಟ್‌ಗೆ ಕೊಟ್ಟರೆ ಕರೆಂಟ್ ಜಾಸ್ತಿ ಹರಿದು ಕಾಯಿಲ್ ಬಿಸಿಯಾಗುತ್ತದೆ, ಕಾಯಿಲ್‌ನ ಕರೆಂಟನ್ನು ಕಿಡಿ ಬೇಕಾದಾಗ ಕಡಿಯುವ ಸ್ವಿಚ್, ಅಂದರೆ ಪಾಯಿಂಟ್, ಸುಟ್ಟು ಕಪ್ಪಾಗುತ್ತದೆ.

ಕಾಯಿಲ್ ಬದಲಿಸುವಾಗ ಪಾಯಿಂಟ್, ಕಂಡೆನ್ಸರ್ ಎರಡೂ ಹೊಸದು ಹಾಕಿ. ಪಾಯಿಂಟ್ ಗ್ಯಾಪ್ 20 ಥೌ (ಇಂಚಿನ ಸಾವಿರದಲ್ಲಿ 20 ಭಾಗ), ಅಂದರೆ ಅರ್ಧ ಮಿಲಿಮೀಟರ್. ಫ್ಲೈವೀಲ್ ಮೇಲಿನ ಎಸ್ ಗುರುತು ಎದುರಿಗೆ ಬಂದಾಗ ಪಾಯಿಂಟ್ ಆಗಷ್ಟೇ ತೆರೆಯುವ ಹಾಗೆ ಇಟ್ಟರೆ ಟೈಮಿಂಗ್ ಕೂಡ ಸರಿ.

ಇನ್ನೊಬ್ಬರ ಉತ್ತರ

ಕೊಳ್ಳುವ ವಿಷಯಕ್ಕೆ ನನ್ನ ಮಾತು. ಹುಲ್ಲಿಗೆ ಅಂತ ತಗೊಳ್ಳುವಾಗ ಮೊದಲು ಬಗ್ಗಿ ಡೆಕ್ ನೋಡಿ, ಎಂಜಿನ್ ಆಮೇಲೆ. ಕೆ301ಗೆ ಬಿಡಿಭಾಗ ಇವತ್ತಿಗೂ ಸಿಗುತ್ತದೆ. ಕೊಳೆತ ಡೆಕ್‌ಗೆ ಮದ್ದಿಲ್ಲ.

ಪ್ಲಗ್ ವೈರ್ ತೆಗೆದಿಟ್ಟು, ಗ್ಲೌಸ್ ಹಾಕಿಕೊಂಡು ಒಂದೊಂದು ಬ್ಲೇಡ್‌ನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಬ್ಲೇಡ್ ತಿರುಗುವ ಅಚ್ಚಿನ (ಸ್ಪಿಂಡಲ್) ಬೇರಿಂಗ್ ಹೋಗಿದೆ. ತಗಡಿನ ಒಳಗೆ ಒದ್ದೆ ಹುಲ್ಲು ಅಂಟಿ ಕೂತಿರುವ ಜಾಗವನ್ನು ಕೆರೆದು ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಬೆಲ್ಟನ್ನು ಎಂಜಿನ್‌ನಿಂದ ಡೆಕ್‌ಗೆ ತಿರುಗಿಸುವ ಮ್ಯೂಲ್ ಡ್ರೈವ್ ಜೊತೆಗೇ ಇದೆಯಾ ಕೇಳಿ. ಮಾರುವವರ ಶೆಡ್‌ನಲ್ಲೇ ಉಳಿದುಬಿಡುವ ಸಾಮಾನು ಅದು, ಅದಿಲ್ಲದೆ ಡೆಕ್ ಇದ್ದೂ ಇಲ್ಲದ ಹಾಗೆ.

ಮುಂಚೆ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಫೋನಲ್ಲೇ ಹೇಳಿ, ಎಂಜಿನ್ ತಣ್ಣಗಿರುವಾಗ ಹೋಗಿ. ಸಿಲಿಂಡರ್‌ನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ನಂಬಬೇಡಿ. ಸ್ಟಾರ್ಟ್ ಸಲೀಸಾಗಲಿ ಅಂತ ಈ ಎಂಜಿನ್‌ನ ಕ್ಯಾಮ್‌ಶಾಫ್ಟ್‌ನಲ್ಲೇ ಕಂಪ್ರೆಶನ್ ಸ್ವಲ್ಪ ಬಿಡುವ ಏರ್ಪಾಡಿದೆ, ಹಾಗಾಗಿ ಗೇಜ್ ಕಡಿಮೆ ತೋರಿಸುತ್ತದೆ. ಫ್ಲೈವೀಲನ್ನು ಕೈಯಿಂದ ಉಲ್ಟಾ ತಿರುಗಿಸಿ. ಗಟ್ಟಿಯಾಗಿ ತಡೆದು ವಾಪಸ್ ತಳ್ಳಿದರೆ ಚೆನ್ನಾಗಿದೆ.

318 ಬಗ್ಗೆ: 1983ರಿಂದ 1992ರವರೆಗೆ ಬಂದ ಗಾಡಿ. ಪವರ್ ಸ್ಟೀರಿಂಗ್, ಗೇರ್ ಬದಲಿಸದೆ ಓಡುವ ಹೈಡ್ರೋಸ್ಟಾಟಿಕ್ ಡ್ರೈವ್, ಓಡಿಸಲು ನಿಜಕ್ಕೂ ಸುಖ. ಆದರೆ ಅದರ 18 ಎಚ್‌ಪಿ ಓನಾನ್ ಎಂಜಿನ್‌ನ ತಗಡಿನೊಳಗೂ ಹೀಗೇ ಕಸ ಕಟ್ಟುತ್ತದೆ, ಬಿಡಿಭಾಗ ದುಬಾರಿ. ಕವಚ ಬಿಚ್ಚಿ ತೋರಿಸದೆ ಹೊಸ ಬಣ್ಣ ಮಾತ್ರ ತೋರಿಸಿದರೆ ನಾನಂತೂ ತಗೊಳ್ಳಲ್ಲ. ಎರಡೂ ಸಿ-120 ಆದರೆ ಒಂದೇ ಪಾಯಿಂಟ್, ಒಂದೇ ಫಿಲ್ಟರ್ ಎರಡಕ್ಕೂ ಆಗುತ್ತದೆ.

ಪ್ರಶ್ನೆ ಕೇಳಿದವರು

ಓಮ್ 1.6 ಬಂತು! ಹಿಂದಿನ ಮಾಲೀಕರು ಯಾವುದೋ ಕಾಯಿಲ್ ಹಾಕಿಬಿಟ್ಟಿದ್ದರು. ಸರಿಯಾದದ್ದು ಹಾಕಿ, ಪಾಯಿಂಟ್ ಸೆಟ್ ಮಾಡಿ, ನಿನ್ನೆ ಎರಡು ಗಂಟೆ ಒಂದೇ ಸಮ ಓಡಿಸಿದೆ. ಒಮ್ಮೆಯೂ ನಿಲ್ಲಲಿಲ್ಲ.

ಆಮೇಲೆ ಆ ಸಿ-120 ನೋಡಲು ಹೋದೆ. ಡೆಕ್ ತಗಡು ಗಟ್ಟಿ ಇದೆ, ಮ್ಯೂಲ್ ಡ್ರೈವ್ ಇದೆ. ಮಧ್ಯದ ಸ್ಪಿಂಡಲ್ ಮಾತ್ರ ಟಕ್ ಟಕ್ ಅಂತಿತ್ತು. ಅದನ್ನು ಅವರ ಎದುರಿಗೇ ಅಲ್ಲಾಡಿಸಿ ತೋರಿಸಿದ್ದಕ್ಕೆ 525 ಡಾಲರ್‌ಗೆ ಕೊಟ್ಟರು. ಬೇರಿಂಗ್ ಆರ್ಡರ್ ಮಾಡಿದ್ದೇನೆ. ಹಳೆಯದಕ್ಕೆ ಹಿಮದ ಬ್ಲೇಡ್ ಹಾಕಿ ಈಗಲೇ ಶೆಡ್‌ನಲ್ಲಿ ನಿಲ್ಲಿಸಿದ್ದೇನೆ, ಇನ್ನು ಬಿಚ್ಚುವುದಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.