ಗಾಣದೆಣ್ಣೆ ಕಂಪನಿಗೆ ವಿಸಿಟಿಂಗ್ ಕಾರ್ಡ್, ಲೆಟರ್‌ಹೆಡ್: ಕನ್ನಡ ಹಾಕಿದರೆ ಟ್ರೆಂಡ್‌ಗೆ ಹೊಂದಲ್ವಾ?

ಗಾಣದಮನೆ (ತುಮಕೂರು):
ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಸೇರಿ ಮರದ ಗಾಣದ ಎಣ್ಣೆ ಮಾಡುತ್ತೇವೆ. ಈಚೆಗೆ ಪ್ರೈವೇಟ್ ಲಿಮಿಟೆಡ್ ಮಾಡಿಸಿದೆವು. ವಿಸಿಟಿಂಗ್ ಕಾರ್ಡ್, ಲೆಟರ್‌ಹೆಡ್, ಬಿಲ್ ಬುಕ್ ಮೂರೂ ಬೇಕು. ಡಿಸೈನರ್ ಒಂದು ಸ್ಯಾಂಪಲ್ ಕಳಿಸಿದ್ದಾರೆ. ಬಿಳಿ ಜಾಗ ಜಾಸ್ತಿ, ತೆಳು ಬೂದು ಬಣ್ಣದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ, ಕಾರ್ಡಿನ ಹಿಂಬದಿ ಪೂರ್ತಿ ಕಪ್ಪು, ಅದರ ಮೇಲೆ ಚಿನ್ನದ ಫಾಯಿಲ್ (ಮಿನುಗುವ ತೆಳು ಹಾಳೆ) ಲೋಗೋ. ಲೆಟರ್‌ಹೆಡ್‌ಗೂ ಅದೇ ಫಾಯಿಲ್. ನೋಡೋಕೆ ಚೆನ್ನಾಗಿದೆ. ಆದರೆ ಕನ್ನಡ ಹಾಕಿ ಅಂದರೆ ಈಗಿನ ಟ್ರೆಂಡ್‌ಗೆ ಹೊಂದಲ್ಲ ಅನ್ನುತ್ತಾರೆ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಓದುವುದೇ ಕನ್ನಡ. ಏನು ಮಾಡಲಿ?

ಪ್ರೆಸ್ಸಿನವ:
ಮೊದಲು ಲೆಟರ್‌ಹೆಡ್‌ನಿಂದ ಆ ಫಾಯಿಲ್ ತೆಗೆಸಿ. ಆ ಹಾಳೆ ಕೊನೆಗೆ ನಿಮ್ಮ ಆಫೀಸಿನ ಲೇಸರ್ ಪ್ರಿಂಟರ್ ಒಳಗೆ ಹೋಗಬೇಕು ಅಲ್ವಾ? ಅದರ ಬಿಸಿಗೆ ಫಾಯಿಲ್ ಕಿತ್ತು ರೋಲರ್‌ಗೆ ಅಂಟಿಕೊಳ್ಳಬಹುದು, ಆಮೇಲೆ ರಿಪೇರಿ ಖರ್ಚು ಬೇರೆ. ಲೆಟರ್‌ಹೆಡ್‌ಗೆ 90 ಅಥವಾ 100 ಜಿಎಸ್‌ಎಂ (ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಬಾಂಡ್ ಪೇಪರ್, ಒಂದೋ ಎರಡೋ ಬಣ್ಣ, ಅಷ್ಟು ಸಾಕು. ಫಾಯಿಲ್, ಸ್ಪಾಟ್ ಯುವಿ (ಬೇಕಾದ ಕಡೆ ಮಾತ್ರ ಹಾಕುವ ಹೊಳಪಿನ ಲೇಪ) ಎಲ್ಲ ಕಾರ್ಡಿಗೆ ಇರಲಿ. 300–350 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದರೆ ಚೆನ್ನಾಗಿ ಬರುತ್ತದೆ. ಆದರೆ ಹಿಂಬದಿ ಪೂರ್ತಿ ಕಪ್ಪು ಬೇಡ. ಕಟಿಂಗ್ ಆದ ಅಂಚಲ್ಲಿ ಬಿಳಿ ಎದ್ದು ಕಾಣುತ್ತದೆ, ಎಣ್ಣೆ ವ್ಯಾಪಾರದವರ ಕೈಗೆ ಸಿಕ್ಕರೆ ಬೆರಳಚ್ಚೂ ಕೂರುತ್ತದೆ. ಮೇಲಾಗಿ ಅದರ ಮೇಲೆ ಪೆನ್ನಲ್ಲಿ ಏನೂ ಬರೆಯೋಕಾಗಲ್ಲ. ನಮ್ಮಲ್ಲಿ ಜನ ಇನ್ನೊಂದು ನಂಬರ್ ಬರೆದುಕೊಳ್ಳುವುದೇ ಕಾರ್ಡಿನ ಹಿಂದೆ.

ಅಕ್ಷರಮಾಲೆ:
ಕನ್ನಡ ಹೊಂದಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷಿಗೆ ಅಂತ ಲೇಔಟ್ ಮಾಡಿ, ಉಳಿದ ಜಾಗಕ್ಕೆ ಕನ್ನಡ ತುರುಕಿದರೆ ಯಾವ ಫಾಂಟ್ ಆದರೂ ಕೆಟ್ಟದಾಗಿಯೇ ಕಾಣುತ್ತದೆ. ‘ಕೊಬ್ಬರಿ ಎಣ್ಣೆ’ ಅಂತ ಬರೆದು ನೋಡಿ, ಎರಡು ಒತ್ತಕ್ಷರ ಕೆಳಗೆ ಇಳಿಯುತ್ತವೆ, ಹಾಗಾಗಿ ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಲೇಬೇಕು. ‘ಅನೆಕ್ ಕನ್ನಡ’, ‘ಬಾಲೂ ತಮ್ಮ’ ಎರಡೂ ಮುಂಬೈನ ಏಕ್ ಟೈಪ್‌ನವರ ಫಾಂಟ್‌ಗಳು. ಉಚಿತ, ವ್ಯಾಪಾರಕ್ಕೂ ಬಳಸಬಹುದು. ಎರಡರಲ್ಲೂ ಕನ್ನಡಕ್ಕೆ ಜೊತೆಯಾಗುವ ಇಂಗ್ಲಿಷ್ ಅಕ್ಷರ ಇವೆ. ಈಗ ದೊಡ್ಡ ಅಕ್ಷರದಲ್ಲಿ ಬರೀ ಹೆಸರನ್ನೇ ಲೋಗೋ ಮಾಡುವುದು ಜೋರಾಗಿದೆ, ಅದಕ್ಕೆ ನಮ್ಮ ದುಂಡು ಅಕ್ಷರ ಹೇಳಿ ಮಾಡಿಸಿದ ಹಾಗಿದೆ. ಹೆಸರು ಕನ್ನಡದಲ್ಲಿ ದೊಡ್ಡದಾಗಿ ಮುಂದೆ ಬರಲಿ. ಬೂದು ಬಣ್ಣವನ್ನು ಮಾತ್ರ ಬಿಡಿ. ಆ ತೆಳು ಅಕ್ಷರ ಜೆರಾಕ್ಸ್ ಮಾಡಿಸಿದರೆ ಮಾಯ.

ಇನ್ನೊಂದು ಮಾತು. ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ಹಳೇ ನುಡಿ ಫಾಂಟೇ ಇದೆ, ನೀವು ಯೂನಿಕೋಡ್‌ನಲ್ಲಿ ಕಳಿಸಿದ್ದು ಅಲ್ಲಿ ತೆರೆದರೆ ಒತ್ತು, ಅರ್ಕಾವೊತ್ತು ಚೆಲ್ಲಾಪಿಲ್ಲಿ ಆಗುತ್ತವೆ. ಅಕ್ಷರಗಳನ್ನು ಕರ್ವ್ ಮಾಡಿಸಿ (ಅಂದರೆ ಫಾಂಟ್ ಬೇಕಿಲ್ಲದ ಚಿತ್ರರೇಖೆಗಳಾಗಿ ಬದಲಿಸಿ) ಪಿಡಿಎಫ್ ಕೊಡಿ, ಕೊಡುವ ಮುಂಚೆ ಕನ್ನಡ ಚೆನ್ನಾಗಿ ಬಲ್ಲವರು ಒಬ್ಬರು ಅಕ್ಷರ ಅಕ್ಷರ ಓದಲಿ.

ಲೆಕ್ಕಪತ್ರ:
ಡಿಸೈನ್ ಗಲಾಟೆಯಲ್ಲಿ ಇದನ್ನು ಮರೆಯಬೇಡಿ. ಕಂಪನಿ ಅಂದಮೇಲೆ 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಲೆಟರ್‌ಹೆಡ್, ಬಿಲ್ ಎರಡರಲ್ಲೂ ಕಂಪನಿ ಹೆಸರು, ನೋಂದಾಯಿತ ಕಚೇರಿ ವಿಳಾಸ, ಸಿಐಎನ್ (ಕಂಪನಿಯ ನೋಂದಣಿ ಗುರುತಿನ ಸಂಖ್ಯೆ), ಫೋನ್ ನಂಬರ್ ಇರಲೇಬೇಕು. ಇಮೇಲ್, ವೆಬ್‌ಸೈಟ್ ಇದ್ದರೆ ಅವೂ ಬರಬೇಕು. ‘ಕ್ಲೀನ್’ ಆಗಿ ಕಾಣಲಿ ಅಂತ ಸಿಐಎನ್ ಬಿಡಿಸಿದ ಲೆಟರ್‌ಹೆಡ್‌ಗಳನ್ನು ನೋಡಿದ್ದೇನೆ. ಬಿಲ್ ಬುಕ್‌ಗೆ ಜಿಎಸ್‌ಟಿ ನಂಬರ್ ಬೇಕು. ಸರಕಿನ ಬಿಲ್ ಮೂರು ಪ್ರತಿ: ಒಂದು ಗಿರಾಕಿಗೆ, ಒಂದು ಸಾಗಣೆಯವರಿಗೆ, ಒಂದು ನಿಮಗೆ. ಕಾರ್ಬನ್‌ಲೆಸ್ ಪೇಪರಲ್ಲಿ (ಕಾರ್ಬನ್ ಹಾಳೆ ಇಡದೆಯೇ ಕೆಳಗಿನ ಪ್ರತಿಗಳಿಗೂ ಬರಹ ಮೂಡುವಂಥದ್ದು) ಮಾಡಿಸಿ. ಬಿಲ್ ನಂಬರ್ ಸಾಲಾಗಿ ಬರಬೇಕು, 16 ಅಕ್ಷರ ದಾಟಬಾರದು.

ಗಾಣದಮನೆ:
ತುಂಬಾ ಉಪಕಾರ ಆಯ್ತು. ಸಿಐಎನ್ ವಿಷಯ ಡಿಸೈನರ್ ಎತ್ತಿರಲೇ ಇಲ್ಲ. ಕಾರ್ಡಿನ ಹಿಂದೆ ಕ್ಯೂಆರ್ ಕೋಡ್ ಹಾಕಿಸಬೇಕು ಅಂತಿದ್ದೇವೆ, ಫಾಯಿಲ್‌ನಲ್ಲೇ ಮಾಡಿಸಿದರೆ ನಡೆಯುತ್ತದಾ?

ಪ್ರೆಸ್ಸಿನವ:
ಬೇಡ. ಫಾಯಿಲ್ ಮಿಂಚಿದರೆ ಮೊಬೈಲ್ ಕ್ಯಾಮೆರಾಗೆ ಕೋಡ್ ಸರಿಯಾಗಿ ಸಿಗಲ್ಲ. ಬಿಳಿ ಮೇಲೆ ಕಪ್ಪು, 2 ಸೆಂಟಿಮೀಟರ್‌ಗಿಂತ ಸಣ್ಣದು ಬೇಡ, ಸುತ್ತ ಖಾಲಿ ಜಾಗ ಇರಲಿ. ಸಾವಿರಗಟ್ಟಲೆ ಹೊಡೆಸುವ ಮುಂಚೆ ಒಂದು ಪ್ರೂಫ್ ತೆಗೆಸಿ, ಹಳೇ ಫೋನಲ್ಲೂ ಸ್ಕ್ಯಾನ್ ಮಾಡಿ ನೋಡಿ.